ಪ್ರವಾಸಕ್ಕೆ ಮುನ್ನ ಹದಿನಾಲ್ಕು ದಿನ

ಕಬ್ಬು ನುರಿಸುವ ಹಂಗಾಮು ಮುಗಿದು, ಮಕ್ಕಳಿಗೆ ಬೇಸಿಗೆ ರಜೆ ಬಿದ್ದಿತೆಂದರೆ ಶೇಡಬಾಳ, ಉಗಾರ, ಕಾಗವಾಡಗಳ ಮನೆಗಳಲ್ಲಿ ಒಂದೇ ಮಾತು: ಈ ಸಲ ಎಲ್ಲಿಗೆ? ಮೃಗಶಿರಾ ಮಳೆಗೆ ಮುಂಚಿನ ಈ ಕಿರು ಬಿಡುವೇ ನಮ್ಮ ರೈತ ಕುಟುಂಬಗಳಿಗೆ ದೊರೆಯುವ ರಜೆ. ಗಾಡಿ ಗೊತ್ತುಮಾಡುತ್ತಾರೆ, ಊರುಗಳ ಪಟ್ಟಿ ಬರೆಯುತ್ತಾರೆ, ಬುತ್ತಿ ಕಟ್ಟುತ್ತಾರೆ. ಶರೀರವನ್ನು ಸಿದ್ಧಗೊಳಿಸುವುದು ಮಾತ್ರ ಯಾರ ಪಟ್ಟಿಯಲ್ಲಿಯೂ ಇರುವುದಿಲ್ಲ.

ಮೂರು ವರ್ಷಗಳ ಹಿಂದೆ ನಲವತ್ತೈದರ ಆಸುಪಾಸಿನ ತಾಯಿಯೊಬ್ಬರು ನನ್ನ ಚಿಕಿತ್ಸಾಲಯಕ್ಕೆ ಬಂದರು. ಮರುದಿನ ನಸುಕಿನಲ್ಲಿ ಮನೆಮಂದಿ, ಬೀಗರು ಸೇರಿ ಹನ್ನೊಂದು ಜನ ಒಂದು ಕ್ರೂಸರಿನಲ್ಲಿ ಹೊರಡುವವರಿದ್ದರು. ನಾಲ್ಕು ದಿನಗಳಲ್ಲಿ ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ, ಲಕ್ಕುಂಡಿ, ಹಂಪಿ. ಅಜೀರ್ಣಕ್ಕೆ ಚೂರ್ಣ ಕೇಳಿದರು, ಕೊಟ್ಟೆ. ಬೇರೇನನ್ನೂ ಕೇಳದೆ ಕಳುಹಿಸಿದೆ. ಐದನೆಯ ದಿನ ಅವರು ಚಳಿಜ್ವರದಿಂದ ನಡುಗುತ್ತ, ಪಕ್ಕೆಯನ್ನು ಒತ್ತಿ ಹಿಡಿದುಕೊಂಡು ಬಂದರು. ಉರಿಮೂತ್ರ ಎರಡು ದಿನ ಮೊದಲೇ ಆರಂಭವಾಗಿತ್ತು. ಸೋಂಕು ಮೂತ್ರಪಿಂಡಕ್ಕೆ ಏರಿರಬಹುದೆಂದು ತಿಳಿದು ಅಂದೇ ಮೀರಜಿಗೆ ಕಳುಹಿಸಿದೆ. ಆರು ದಿನ ಆಸ್ಪತ್ರೆಯಲ್ಲಿದ್ದರು. ಗುಣವಾಗಿ ಬಂದ ಮೇಲೆ ವಿಚಾರಿಸಿದಾಗ ಅವರು ಹೇಳಿದ್ದಿಷ್ಟು: "ಡಾಕ್ಟರ್ರ, ಗಾಡ್ಯಾಗ ಬೀಗರಿದ್ರು, ಗಂಡಸ್ರಿದ್ರು. ನಿಲ್ಲಸ್ರಿ ಅಂತ ಹೆಂಗ ಹೇಳೂದ್ರಿ? ಅದಕ್ಕ ನೀರ ಕುಡೀಲಿಲ್ಲ."

ಮೇ ತಿಂಗಳ ಬಾಗಲಕೋಟೆಯ ಬಿಸಿಲಿನಲ್ಲಿ ನಾಲ್ಕು ದಿನ! ಹೊರಡುವ ಮುನ್ನ ನಾನು ಕೇಳಬೇಕಾಗಿದ್ದ ಪ್ರಶ್ನೆ ಇದೊಂದೇ ಆಗಿತ್ತು, ಅದನ್ನೇ ಕೇಳಿರಲಿಲ್ಲ. ಈ ಲೇಖನಕ್ಕೆ ಅದೇ ನಿಮಿತ್ತ.

ಚರಕ ಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯಕ್ಕೆ 'ನವೇಗಾನ್ಧಾರಣೀಯ' ಎಂದು ಹೆಸರು. ತಡೆಯಬಾರದ 13 ವೇಗಗಳನ್ನು ಅಲ್ಲಿ ಎಣಿಸಲಾಗಿದೆ. ಮಲ, ಮೂತ್ರಗಳಷ್ಟೇ ಅಲ್ಲ. ಹಸಿವು, ನೀರಡಿಕೆ, ನಿದ್ರೆ, ಕಣ್ಣೀರು, ದಣಿದಾಗಿನ ಏದುಸಿರು ಕೂಡ ಆ ಎಣಿಕೆಯಲ್ಲಿವೆ. ಮೂತ್ರದ ವೇಗವನ್ನು ತಡೆದರೆ ಬಸ್ತಿಯಲ್ಲಿ ಶೂಲೆ, ಮೂತ್ರಕೃಚ್ಛ್ರ, ತಲೆನೋವು, ಕೆಳಹೊಟ್ಟೆಯ ಉಬ್ಬರ ಉಂಟಾಗುತ್ತವೆಂದು ಆಚಾರ್ಯರು ಹೇಳುತ್ತಾರೆ. ನೀರು ಕಡಿಮೆಯಾದಾಗ ಮೂತ್ರ ಗಟ್ಟಿಯಾಗುತ್ತದೆ, ಹೊರಹೋಗದೆ ನಿಂತಲ್ಲಿ ಸೂಕ್ಷ್ಮಾಣುಗಳು ಬೆಳೆಯುತ್ತವೆ ಎಂಬುದು ಇಂದಿನ ವೈದ್ಯಶಾಸ್ತ್ರದ ವಿವರಣೆ. ಸ್ತ್ರೀಯರಲ್ಲಿ ಮೂತ್ರನಾಳವು ಗಿಡ್ಡವಾಗಿರುವುದರಿಂದ ಸೋಂಕು ಬೇಗನೆ ಮೇಲೇರುತ್ತದೆ.

ಅದೇ ಅಧ್ಯಾಯವು ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ: ಲೋಭ, ಶೋಕ, ಭಯ, ಕ್ರೋಧ ಮೊದಲಾದವು. ನಮ್ಮ ಪ್ರವಾಸಗಳು ಇದನ್ನು ತಿರುವುಮುರುವು ಮಾಡುತ್ತವೆ. ನೀರಡಿಕೆಯನ್ನೂ ನಿದ್ರೆಯನ್ನೂ ತಡೆಯುತ್ತೇವೆ. ನಾಲ್ಕು ದಿನಗಳಲ್ಲಿ ಏಳು ಊರು ನೋಡುವ ಲೋಭವನ್ನೂ ಚಾಲಕನ ಮೇಲಿನ ಸಿಟ್ಟನ್ನೂ ಹರಿಯಬಿಡುತ್ತೇವೆ. ಮನಸ್ಸಿನ ಒತ್ತಡ ಎಂದು ನನ್ನ ಬಳಿ ಹೇಳಿಕೊಳ್ಳುವವರ ಪ್ರವಾಸದ ದಿನಚರಿಯನ್ನು ಕೇಳಿದರೆ, ಬಹುಪಾಲು ಇಲ್ಲಿಯೇ ಮೂಲ ಸಿಗುತ್ತದೆ.

ಆದ್ದರಿಂದ ಸಿದ್ಧತೆಯ ಮೊದಲ ಹೆಜ್ಜೆ ಪಟ್ಟಿಯಿಂದ ಊರುಗಳನ್ನು ಕಡಿಮೆ ಮಾಡುವುದು. ಎರಡನೆಯದು, ನಿಲ್ಲುವ ತಾಣಗಳನ್ನು ಮೊದಲೇ ಬರೆದಿಡುವುದು. ಅಥಣಿ, ಜಮಖಂಡಿ, ಬಾಗಲಕೋಟೆ ಎಂದು ಹಾದಿಯನ್ನು ಗುರುತಿಸಿಕೊಂಡು, ಎರಡು ಗಂಟೆಗೊಮ್ಮೆ ಶೌಚಾಲಯವಿರುವ ಬಸ್ ನಿಲ್ದಾಣದಲ್ಲೋ ಪೆಟ್ರೋಲ್ ಪಂಪಿನಲ್ಲೋ ಗಾಡಿ ನಿಲ್ಲತಕ್ಕದ್ದೆಂದು ಚಾಲಕನಿಗೆ ಹೊರಡುವ ಮೊದಲೇ ಹೇಳಬೇಕು. ಈ ಮಾತನ್ನು ಮನೆಯ ಹಿರಿಯ ಗಂಡಸರೇ ಹೇಳಬೇಕು. ಹೆಣ್ಣುಮಕ್ಕಳು ಬಾಯಿಬಿಟ್ಟು ಕೇಳುವ ಪ್ರಸಂಗವೇ ಬರಕೂಡದು. ಹೀಗೆ ನಿಂತಾಗ ನಾಲ್ಕು ಹೆಜ್ಜೆ ನಡೆದರೆ ಕಾಲಿನ ಬಾವೂ ಇಳಿಯುತ್ತದೆ. ನೀರು ಸಾಕಾಗಿದೆಯೇ ಎಂಬುದಕ್ಕೆ ಮೂತ್ರದ ಬಣ್ಣವೇ ಸಾಕ್ಷಿ: ಒಣಹುಲ್ಲಿನ ತಿಳಿ ಬಣ್ಣವಿದ್ದರೆ ಸಾಕು, ಗಾಢವಾಗಿದ್ದರೆ ಸಾಲದು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ನೀರಿಗೆ ಮಿತಿಯಿರುವವರು ತಮ್ಮ ವೈದ್ಯರ ಮಾತಿನಂತೆ ನಡೆಯತಕ್ಕದ್ದು.

ವಯಸ್ಸಾದವರಿಗೂ ಮಧುಮೇಹಿಗಳಿಗೂ ಸಾಧ್ಯವಿದ್ದಷ್ಟು ರೈಲೇ ಹಿತ. ನಮ್ಮ ನಿಲ್ದಾಣ ಮೀರಜ–ಲೋಂಡಾ ಮಾರ್ಗದಲ್ಲಿದೆ; ಹುಬ್ಬಳ್ಳಿ, ಗದಗಗಳ ಮೇಲಿಂದ ಬಾದಾಮಿಯವರೆಗೂ ಹಳಿಯುಂಟು. ಸುತ್ತು ಹಾದಿ ನಿಜ, ಆದರೆ ಡಬ್ಬಿಯಲ್ಲಿಯೇ ಶೌಚಾಲಯವಿರುತ್ತದೆ, ಕಾಲು ಚಾಚಬಹುದು.

ಇನ್ನು ಹದಿನಾಲ್ಕು ದಿನಗಳ ವಿಚಾರ. ಒಂದು ಋತುವಿನ ಕೊನೆಯ ಏಳು ದಿನ ಹಾಗೂ ಮುಂದಿನ ಋತುವಿನ ಮೊದಲ ಏಳು ದಿನಗಳನ್ನು ಅಷ್ಟಾಂಗಹೃದಯವು ಋತುಸಂಧಿ ಎನ್ನುತ್ತದೆ. ಹಳೆಯ ರೂಢಿಯನ್ನು ಮೆಲ್ಲನೆ ಬಿಡುತ್ತ ಹೊಸದನ್ನು ಮೆಲ್ಲನೆ ಹಿಡಿಯುವ ಕಾಲ ಅದು. ಚರಕರಂತೂ ರೂಢಿಯನ್ನು ಕಾಲು ಕಾಲು ಭಾಗವಾಗಿ ಬದಲಿಸಬೇಕೆಂದು ಸೂಚಿಸಿದ್ದಾರೆ. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಊರು ಬದಲಾಗುವುದೂ ಶರೀರಕ್ಕೆ ಋತು ಬದಲಾದಂತೆಯೇ ಎಂದು ಭಾವಿಸಿ ನಾನು ಈ ಲೆಕ್ಕವನ್ನು ಪ್ರವಾಸಕ್ಕೂ ಅನ್ವಯಿಸುತ್ತೇನೆ.

ನಸುಕಿನ ನಾಲ್ಕಕ್ಕೆ ಹೊರಡುವುದಿದ್ದರೆ ಎರಡು ವಾರ ಮೊದಲಿನಿಂದಲೇ ಮಲಗುವ, ಏಳುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ತಾಸು ಹಿಂದಕ್ಕೆ ತರಬೇಕು. ಮಲಪ್ರವೃತ್ತಿಯೂ ಅದರ ಜೊತೆಗೇ ಹೊಂದಿಕೊಳ್ಳುತ್ತದೆ. ಪ್ರವಾಸದಲ್ಲಿ ಮಲಬದ್ಧತೆಯಿಂದ ಬಳಲುವವರಲ್ಲಿ ಹೆಚ್ಚಿನವರು ಏಳುವ ಹೊತ್ತು ಒಮ್ಮೆಲೇ ಬದಲಾದ್ದರಿಂದ ಬಳಲುವವರು. ಬಾದಾಮಿಯ ಗುಹೆಗಳಿಗೆ ಮೆಟ್ಟಿಲೇರಬೇಕು; ದಿನಕ್ಕೆ ಹತ್ತು ನಿಮಿಷದ ನಡಿಗೆಯಿಂದ ಆರಂಭಿಸಿ ಮುಕ್ಕಾಲು ಗಂಟೆಯವರೆಗೆ ಬೆಳೆಸಿರಿ. ಹೊಸ ಚಪ್ಪಲಿ ಕೊಳ್ಳುವುದಾದರೆ ಈಗಲೇ ಕೊಂಡು ಮೆಟ್ಟಿರಿ. ಮಧುಮೇಹಿಯ ಅಂಗಾಲಿನಲ್ಲಿ ಹೊಸ ಚಪ್ಪಲಿ ಎಬ್ಬಿಸಿದ ಗುಳ್ಳೆ ಮಾಯಲು ತಿಂಗಳುಗಳೇ ಬೇಕಾದುದನ್ನು ಕಂಡಿದ್ದೇನೆ. ತ್ರಿಫಲಾ ಚೂರ್ಣವೇ ಇರಲಿ, ವಾಂತಿಯ ಗುಳಿಗೆಯೇ ಇರಲಿ, ಮೊದಲ ಬಾರಿಗೆ ಪ್ರವಾಸದಲ್ಲಿ ಸೇವಿಸಬೇಡಿ. ಮನೆಯಲ್ಲಿದ್ದಾಗಲೇ ವೈದ್ಯರನ್ನು ಕೇಳಿ ಸೇವಿಸಿ, ಒಗ್ಗುವುದೋ ಇಲ್ಲವೋ ನೋಡಿಕೊಳ್ಳಿರಿ.

ಪಾದಾಂಶಿಕ ಕ್ರಮ ಎಮ್ಮೆಗೂ ಬೇಕು. ನಗಬೇಡಿ. ಹಿಂಡುವ ಕೈ ಬದಲಾದರೆ ಎಮ್ಮೆ ಸೊರವು ಬಿಡುವುದಿಲ್ಲ. ಕೂಡಲಸಂಗಮದಲ್ಲಿ ನಿಂತವರಿಗೆ ಮನೆಯಿಂದ ಫೋನು ಬರುತ್ತದೆ. ನೆರೆಯವರನ್ನು ಒಂದು ವಾರ ಮೊದಲಿನಿಂದಲೇ ನಿಮ್ಮ ಜೊತೆ ಗೋದಲಿಯ ಬಳಿ ನಿಲ್ಲಿಸಿ ರೂಢಿಮಾಡಿಸಿರಿ. ಕಬ್ಬಿಗೆ ನೀರು ಹಾಯಿಸುವ ಪಾಳಿಯನ್ನೂ ಮೋಟಾರಿನ ಕೀಲಿಯನ್ನೂ ಒಬ್ಬರಿಗೆ ಒಪ್ಪಿಸಿ, ಹೊಲದ ಕೆಲಸವನ್ನು ಚೀಟಿಯಲ್ಲಿ ಬರೆದುಕೊಡಿರಿ. ರಾತ್ರಿ ನಿದ್ರೆ ಬರಲು ನಾನು ಬರೆದುಕೊಡುವ ಯಾವ ಔಷಧಕ್ಕಿಂತಲೂ ಆ ಚೀಟಿಯೇ ಹೆಚ್ಚು ಕೆಲಸ ಮಾಡುತ್ತದೆ.

ಬುತ್ತಿಯ ವಿಷಯದಲ್ಲಿ ನಮ್ಮ ಅಜ್ಜಿಯರಿಗೆ ಕಲಿಸುವಂಥದ್ದೇನಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಗಳು ನೀರಿನಂಶವಿಲ್ಲದ್ದರಿಂದ ಬಿಸಿಲಿನಲ್ಲಿಯೂ ಕೆಡುವುದಿಲ್ಲ. ಮೊಸರನ್ನ, ಪಲ್ಯಗಳು ಮೊದಲ ಊಟಕ್ಕೆ ಮಾತ್ರ. ಭೇದಿಯಾದರೆ ಓಆರ್‌ಎಸ್ ಪುಡಿ. ಅದು ಇಲ್ಲದಿದ್ದಾಗ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಆಯುರ್ವೇದದ ವೈದ್ಯನಾಗಿಯೇ ಹೇಳುತ್ತೇನೆ: ಬಿಪಿ, ಸಕ್ಕರೆ ಕಾಯಿಲೆಗಳ ನಿತ್ಯದ ಗುಳಿಗೆಗಳನ್ನು ನಾಲ್ಕು ದಿನವೆಂದು ಬಿಡಬೇಡಿ. ಇನ್ನೂ ಮೂರು ದಿನಗಳಿಗೆ ಹೆಚ್ಚಾಗಿಯೇ ಒಯ್ಯಿರಿ. ಗಾಡಿಯ ಮೇಲೆ ಕಟ್ಟುವ ಗಂಟಿನಲ್ಲಿ ಅಲ್ಲ, ಕೈಚೀಲದಲ್ಲಿ. ಇನ್ಸುಲಿನ್ನನ್ನು ಬಿಸಿಲಿಗೆ ನಿಂತ ಗಾಡಿಯಲ್ಲಿ ಬಿಡಕೂಡದು, ಮಂಜುಗಡ್ಡೆಗೆ ತಾಗಿಸಲೂಕೂಡದು.

ಹಗಲು ನಿದ್ರೆಯನ್ನು ಸ್ವಸ್ಥರಿಗೆ ಆಯುರ್ವೇದ ಒಪ್ಪುವುದು ಗ್ರೀಷ್ಮದಲ್ಲಿ ಮಾತ್ರ. ಆ ಅನುಮತಿಯನ್ನು ಬಳಸಿಕೊಳ್ಳಿರಿ. ಬಾದಾಮಿಯ ಕೆಂಪು ಬಂಡೆ ಮಧ್ಯಾಹ್ನ ಬೆಂಕಿಯಂತೆ ಕಾಯುತ್ತದೆ. ಬೆಳಗಿನ ತಂಪಿನಲ್ಲಿ ನೋಡಿ, ಹನ್ನೆರಡರಿಂದ ನಾಲ್ಕರವರೆಗೆ ನೆರಳಿನಲ್ಲಿ ಮಲಗಿರಿ. ರಾತ್ರಿ ಅಂಗಾಲಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿದರೆ ದಣಿವು ಇಳಿಯುತ್ತದೆ. ಇಷ್ಟಾದರೂ ಚಳಿಜ್ವರ, ಪಕ್ಕೆನೋವು, ಉರಿಮೂತ್ರ ಒಟ್ಟಿಗೆ ಕಂಡರೆ ಕಷಾಯ ಕುಡಿದು ಊರು ತಲುಪುವವರೆಗೆ ಕಾಯದೆ, ಇದ್ದ ಊರಿನಲ್ಲಿಯೇ ಆಸ್ಪತ್ರೆ ಸೇರಿರಿ.

ಆ ತಾಯಿ ಈ ವರ್ಷ ಮತ್ತೆ ಬಂದಿದ್ದರು. ಈ ಬಾರಿ ಹೊರಡುವುದಕ್ಕೆ ಇನ್ನೂ ಹದಿನಾರು ದಿನಗಳಿದ್ದವು. ಜೊತೆಗೆ ಯಜಮಾನರೂ ಇದ್ದರು. ಚೀಟಿಯಲ್ಲಿ ಕೂಡಲಸಂಗಮ, ಪಟ್ಟದಕಲ್ಲು, ಬಾದಾಮಿ ಎಂಬ ಮೂರೇ ಊರುಗಳು. ನಡುವೆ ಗಾಡಿ ನಿಲ್ಲುವ ಜಾಗಗಳನ್ನು ಯಜಮಾನರೇ ಕೆಂಪು ಶಾಯಿಯಲ್ಲಿ ಬರೆದಿದ್ದರು. "ಹಂಪಿ ಎಲ್ಲಿ?" ಎಂದೆ. "ಮುಂದಿನ ವರ್ಷಕ್ಕ ಇಟ್ಟೇವ್ರಿ" ಎಂದರು ಆ ತಾಯಿ.