ನಾಲ್ಕನೆಯ ದಿನದ ಜ್ವರ

ಹೈದರಾಬಾದಿನ ಅಮೀರ್‌ಪೇಟ್‌ಗೆ ಅಂಟಿಕೊಂಡೇ ಬೇಗಂಪೇಟ್ ಇದೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡದ್ದು ಅಲ್ಲೇ. ಸೊಳ್ಳೆ ರೋಗ ಹೊತ್ತು ತಿರುಗುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿತು. ಆದರೆ ಸೊಳ್ಳೆಯೇ ಹರಡುವ ಇನ್ನೊಂದು ಜ್ವರವಾದ ಚಿಕೂನ್‌ಗುನ್ಯಾದಲ್ಲಿ ಸೊಳ್ಳೆ ಕಚ್ಚಿದ್ದು ತಾಯಿಗೆ, ಕಾಯಿಲೆ ಬಿದ್ದದ್ದು ಆಗಷ್ಟೇ ಹುಟ್ಟಿದ ಮಗು. ಈ ಒಗಟು ಬಿಡಿಸಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

2005-06ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಚಿಕೂನ್‌ಗುನ್ಯಾ ಹಬ್ಬಿ, ಅಲ್ಲಿನ ಮೂರರಲ್ಲೊಂದು ಪಾಲು ಜನ ಹಾಸಿಗೆ ಹಿಡಿದರು. ಹೆರಿಗೆ ವಾರ್ಡಿನ ವೈದ್ಯರನ್ನು ಕಾಡಿದ್ದು ಹಸುಗೂಸುಗಳು. ಹುಟ್ಟಿದಾಗ ಚೆನ್ನಾಗಿ ಅತ್ತು, ಮೊಲೆ ಹಾಲು ಕುಡಿದ ಮಗು ಮೂರು ದಿನ ಕಳೆದ ಮೇಲೆ ಬಿಸಿಯಾಗುತ್ತಿತ್ತು, ಹಾಲು ಬಿಡುತ್ತಿತ್ತು, ಮುಟ್ಟಿದರೆ ನೋವಿಗೆ ಚೀರುತ್ತಿತ್ತು. ಕೈಕಾಲು ಊದುತ್ತಿದ್ದವು, ಪ್ಲೇಟ್‌ಲೆಟ್ ಇಳಿಯುತ್ತಿದ್ದವು. ಕೆಲವು ಮಕ್ಕಳಿಗೆ ಫಿಟ್ಸ್ ಬರುತ್ತಿತ್ತು.

ಅಲ್ಲಿನ ವೈದ್ಯ ಪ್ಯಾಟ್ರಿಕ್ ಜೆರಾರ್ಡಿನ್ ಮತ್ತು ಸಂಗಡಿಗರು 7,504 ಹೆರಿಗೆಗಳ ಲೆಕ್ಕ ಹಿಡಿದರು. ಹೆರಿಗೆಗೆ ಬಹಳ ಮೊದಲೇ ಜ್ವರ ಬಂದು ಹೋದ ತಾಯಂದಿರ ಮಕ್ಕಳು ಬಹುತೇಕ ಕ್ಷೇಮವಾಗಿದ್ದರು. ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದಲ್ಲಿ ವೈರಸ್ ಇದ್ದ 39 ಪ್ರಕರಣಗಳಲ್ಲಿ ಮಾತ್ರ 19 ಮಕ್ಕಳಿಗೆ ಸೋಂಕು ತಗುಲಿತ್ತು. ಇವರಲ್ಲಿ ಒಬ್ಬರಿಗೂ ಹುಟ್ಟುವಾಗ ಕಾಯಿಲೆಯ ಸುಳಿವಿರಲಿಲ್ಲ. ಲಕ್ಷಣ ಕಾಣಿಸಿದ್ದು 3ರಿಂದ 7ನೆಯ ದಿನದೊಳಗೆ, ಹೆಚ್ಚಾಗಿ ನಾಲ್ಕನೆಯ ದಿನ. 10 ಮಕ್ಕಳ ಸ್ಥಿತಿ ಗಂಭೀರವಾಯಿತು, ಅವರಲ್ಲಿ 9 ಮಕ್ಕಳ ಮೆದುಳಿಗೇ ಪೆಟ್ಟು ಬಿದ್ದಿತ್ತು. ಸಿಸೇರಿಯನ್ ಮಾಡಿದರೂ ಮಗುವಿಗೆ ರಕ್ಷಣೆ ಸಿಗಲಿಲ್ಲ. ಹೆರಿಗೆಯ ವೇಳೆ ಮಾಸಿನ ತಡೆ ಸಡಿಲಗೊಂಡು ತಾಯಿಯ ರಕ್ತದ ವೈರಸ್ ಮಗುವಿಗೆ ದಾಟುತ್ತದೆ ಎಂದು ಅವರು ವಿವರಿಸಿದರು. 2008ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಅದೇ 2006ರಲ್ಲಿ ಆಂಧ್ರ, ಕರ್ನಾಟಕಗಳೂ ಚಿಕೂನ್‌ಗುನ್ಯಾದ ಕೀಲುನೋವಿನಿಂದ ನರಳಿದವು. ಕರ್ನಾಟಕವೊಂದರಲ್ಲೇ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ನಮ್ಮ ಮಕ್ಕಳ ವೈದ್ಯರು ಇನ್ನೊಂದು ಗುರುತನ್ನೂ ಕಂಡುಕೊಂಡರು: ಜ್ವರ ಬಂದ ಹಸುಗೂಸಿನ ಮೂಗಿನ ಮೇಲೆ, ಬಾಯ ಸುತ್ತ ಚರ್ಮ ಕಂದುಗಪ್ಪಾಗುವುದು. ದೊಡ್ಡ ಲ್ಯಾಬ್ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಸರಿಯಾದ ಶಂಕೆಗೆ ಅದೂ ದಾರಿ.

ಈ ಜ್ವರಕ್ಕೆಂದೇ ಔಷಧ ಇಲ್ಲ. ನೀರಿನಂಶ, ಪ್ಲೇಟ್‌ಲೆಟ್, ಉಸಿರಾಟಗಳ ಮೇಲೆ ನಿಗಾ, ಫಿಟ್ಸ್‌ಗೆ ತಕ್ಷಣದ ಔಷಧ, ಇವೇ ಚಿಕಿತ್ಸೆ. ಆದ್ದರಿಂದ ಬೇಗ ಗುರುತಿಸುವುದೇ ಮುಖ್ಯ. ತಾಯಿಗೆ ಪ್ಯಾರಾಸಿಟಮಾಲ್ ಸಾಕು; ಡೆಂಗಿ ಅಲ್ಲವೆಂದು ಖಚಿತವಾಗುವ ತನಕ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಎದೆಹಾಲು ನಿಲ್ಲಿಸಬೇಕಿಲ್ಲ.

ಅಮೀರ್‌ಪೇಟ್ ಇರಲಿ, ರಾಯಚೂರು ಇರಲಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಒಂದೇ. ಅದು ಹಗಲು ಕಚ್ಚುತ್ತದೆ, ಮನೆಯ ತೊಟ್ಟಿ, ಡ್ರಮ್ಮುಗಳಲ್ಲೇ ಹುಟ್ಟುತ್ತದೆ. ತುಂಬು ಗರ್ಭಿಣಿ ಇರುವ ಮನೆಯಲ್ಲಿ ನೀರು ಮುಚ್ಚಿಡಿ, ಹಗಲೂ ಸೊಳ್ಳೆಪರದೆ ಕಟ್ಟಿ. ಹೆರಿಗೆಯ ಆಸುಪಾಸಿನಲ್ಲಿ ತಾಯಿಗೆ ಜ್ವರ ಬಂದಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. ಮಗು ಲವಲವಿಕೆಯಿಂದ ಇದೆಯೆಂದು ಡಿಸ್ಚಾರ್ಜ್‌ಗೆ ಅವಸರ ಮಾಡಬೇಡಿ, ಒಂದು ವಾರ ವೈದ್ಯರ ನಿಗಾದಲ್ಲೇ ಇರಲಿ.