ಸೌತೆಕಾಯಿ ಹೊತ್ತ ಅಪವಾದ, ಮೆಂತ್ಯದ ಮೊಳಕೆ

ನೆದರ್ಲೆಂಡ್ಸಿನ ಜೂಟರ್‌ಮೀರ್‌ನಲ್ಲಿ ರಾಮನವಮಿಯ ಕೋಸಂಬರಿಗೆ ಸೌತೆಕಾಯಿ ಹುಡುಕಿಕೊಂಡು ಅಲೆಯಬೇಕಾಗಿಲ್ಲ. ಪಕ್ಕದ ಬ್ಲೈಸ್‌ವೈಕ್‌ ತುಂಬ ಗಾಜಿನ ಮನೆಗಳು. ಇಂಥ ಗಾಜಿನ ಮನೆಗಳಲ್ಲಿ ಸೌತೆ, ಟೊಮೆಟೊಗಳೆಲ್ಲ ಮಣ್ಣು ಸೋಕದೆ ಕಲ್ಲುಣ್ಣೆಯ (ರಾಕ್‌ವುಲ್‌) ಹಾಸಿನ ಮೇಲೆ ಬೆಳೆಯುತ್ತವೆ. ಅಂಗಡಿಗೆ ಬರುವಾಗ ಪ್ಲಾಸ್ಟಿಕ್‌ ತೊಟ್ಟು ಮಿರಮಿರ ಮಿಂಚುತ್ತಿರುತ್ತವೆ. ‘ಇದನ್ನೂ ತೊಳೀಬೇಕಾ?’ ಅಂತ ಊರಿಂದ ಹೊಸದಾಗಿ ಬಂದವರು ನನ್ನನ್ನು ಕೇಳುತ್ತಾರೆ. ತೊಳೀಬೇಕು, ಸಿಪ್ಪೆ ಹೆರೆಯುವುದಿದ್ದರೂ ಮೊದಲು ತೊಳೀಬೇಕು. ಹೊರಗಿನ ಕೊಳೆಯನ್ನು ತಿರುಳಿಗೆ ಮುಟ್ಟಿಸುವುದು ಚಾಕುವೇ. ಕರಬೂಜದ ಒರಟು ಸಿಪ್ಪೆಯನ್ನಂತೂ ನಲ್ಲಿಯ ಕೆಳಗೆ ಹಿಡಿದು ಬ್ರಷ್ಷಿನಿಂದ ಉಜ್ಜುತ್ತೇನೆ.

ಆದರೆ ನನಗೆ ನಿಜವಾದ ಭಯ ಇರುವುದು ಮೊಳಕೆಯದ್ದು. 2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯಲ್ಲಿ ಜನ ರಕ್ತಭೇದಿಯಿಂದ ಆಸ್ಪತ್ರೆ ಸೇರತೊಡಗಿದರು. ಹಲವರ ಮೂತ್ರಪಿಂಡ ಕೈಕೊಟ್ಟಿತು. ಹ್ಯಾಂಬರ್ಗ್‌ನ ಅಧಿಕಾರಿಗಳು ಸ್ಪೇನ್‌ನ ಸೌತೆಕಾಯಿಯತ್ತ ಬೆರಳು ತೋರಿಸಿದರು. ಕೊಳ್ಳುವವರಿಲ್ಲದೆ ಡಚ್‌ ಬೆಳೆಗಾರರು ಕೂಡ ರಾಶಿರಾಶಿ ಸೌತೆಕಾಯಿ ನಾಶಮಾಡಿದರು. ರಷ್ಯಾ ಇಡೀ ಯುರೋಪಿಯನ್‌ ಒಕ್ಕೂಟದ ತರಕಾರಿಗೇ ಬಾಗಿಲು ಹಾಕಿತು. ಕೊನೆಗೆ ಜೂನ್‌ನಲ್ಲಿ ಸಿಕ್ಕಿಬಿದ್ದದ್ದು ಬೀನೆನ್‌ಬ್ಯುಟ್ಟೆಲ್‌ ಎಂಬಲ್ಲಿನ ಒಂದು ತೋಟದ ಮೊಳಕೆಕಾಳು. ಮೂಲ ಹುಡುಕುತ್ತ ಹೋದರೆ ಈಜಿಪ್ಟಿನಿಂದ ಬಂದ ಬೀಜ, ಅದೂ ಯಾವುದು? ನಮ್ಮ ಮೆಂತ್ಯ! ಅಷ್ಟರಲ್ಲಿ ಸುಮಾರು 3,800 ಜನ ಕಾಯಿಲೆ ಬಿದ್ದಿದ್ದರು, 50ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ರೋಗಾಣು ಇ.ಕೋಲಿ ಬ್ಯಾಕ್ಟೀರಿಯಾದ ಒಂದು ಘೋರ ತಳಿ.

ಕಾಳಿನ ಸಣ್ಣ ಬಿರುಕಿನಲ್ಲಿ ರೋಗಾಣು ಅಡಗಿ ಕೂತಿರುತ್ತದೆ. ನಾವು ಅದನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿನ ಮೂಲೆಯಲ್ಲಿಡುತ್ತೇವೆ. ಮೊಳಕೆಗೆ ಬೇಕಾದ ಶಾಖ, ತೇವ ಎರಡೂ ರೋಗಾಣುವಿಗೂ ಒಗ್ಗುತ್ತವೆ. ಅದು ಎಷ್ಟೋ ಪಟ್ಟು ಹೆಚ್ಚಲು ಒಂದು ರಾತ್ರಿ ಸಾಕು. ಆಮೇಲೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮನೆಯಲ್ಲೇ ಕಟ್ಟಿದ ಮೊಳಕೆಯಾದರೂ ಅಷ್ಟೇ. ಉಪ್ಪು-ಅರಿಶಿನದ ನೀರಿನಲ್ಲಿ ಅದ್ದಿಟ್ಟರೆ ಎಲ್ಲ ಸಾಯುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಪಾತ್ರೆ ತೊಳೆಯುವ ಸೋಪು ಇನ್ನೂ ಕೆಟ್ಟದ್ದು, ತರಕಾರಿ ಅದನ್ನು ಹೀರಿಕೊಳ್ಳುತ್ತದೆ. ಹಣ್ಣು ತರಕಾರಿಗೆ ಹರಿಯುವ ನೀರು, ಶುದ್ಧವಾದ ಕೈ, ಮಾಂಸ ಮುಟ್ಟದ ಮಣೆ ಇದ್ದರಾಯಿತು. ‘ತೊಳೆದಿದೆ, ಹಾಗೇ ತಿನ್ನಬಹುದು’ ಎಂದು ಬರೆದಿರುವ ಸೊಪ್ಪಿನ ಚೀಲವನ್ನು ಮಾತ್ರ ನಾನು ಮತ್ತೆ ತೊಳೆಯುವುದಿಲ್ಲ. ನಮ್ಮ ಸಿಂಕು ಅದಕ್ಕಿಂತ ಚೊಕ್ಕಟ ಎಂಬ ಭ್ರಮೆ ನನಗಿಲ್ಲ.

ಹೆಸರುಬೇಳೆ ಕೋಸಂಬರಿಯ ವಿಷಯ ಬೇರೆ. ಒಡೆದ ಬೇಳೆ ಮೊಳೆಯುವುದಿಲ್ಲ. ಗಂಟೆಯೊಳಗೆ ನೆನೆಯುತ್ತದೆ, ಅವತ್ತೇ ಖಾಲಿಯಾಗುತ್ತದೆ. ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ. ಮೊಳಕೆಕಾಳಾದರೆ ಒಳಗಿನವರೆಗೂ ಬಿಸಿಯೇರುವಂತೆ ಹಬೆಯಲ್ಲಿ ಬೇಯಿಸಿಯೇ ಬಡಿಸುವುದು. ನಮ್ಮ ಮನೆಗೆ ಊಟಕ್ಕೆ ಬರುವವರಲ್ಲಿ ಬಸುರಿಯರು, ಎಳೆಮಕ್ಕಳು, ವೀಸಾ ಮೇಲೆ ಬಂದ ವಯಸ್ಸಾದ ಅಪ್ಪ-ಅಮ್ಮಂದಿರು ಇದ್ದೇ ಇರುತ್ತಾರೆ. ಆಹಾರದಿಂದ ಹರಡುವ ಇಂಥ ಕಾಯಿಲೆಗಳ ಪೆಟ್ಟು ಸಾಮಾನ್ಯವಾಗಿ ಹೆಚ್ಚು ಬೀಳುವುದೂ ಅವರಿಗೇ.

ಬೇಯಿಸಿದರೆ ಸತ್ವವೆಲ್ಲ ಹೋಯಿತು ಎಂದು ಅಮ್ಮ ಫೋನಿನಲ್ಲಿ ಗೊಣಗುತ್ತಾಳೆ. ವಿಟಮಿನ್‌ ಸಿ ಒಂದಿಷ್ಟು ಹೋಗುತ್ತದೆ, ನಿಜ. ಅದಕ್ಕೇ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡುತ್ತೇನೆ.