ತೋಟೆಯ ಹಿತ್ತಾಳೆ



ಬಂದೂಕಿನ ಮಾತೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಬೇಟೆಯ ಕಡೆಗೋ ಯುದ್ಧದ ಕಡೆಗೋ ಹರಿಯುವುದು ಸಹಜ. ಇಂದಿನ ಭಾಷಣದ ವಿಷಯ ಅವೆರಡೂ ಅಲ್ಲ. ಸಾವಿರ ಗಜ ದೂರದಲ್ಲಿ ನಿಲ್ಲಿಸಿದ ಕಾಗದದ ಗುರಿಹಲಗೆಗೆ ಒಂದರ ಮಗ್ಗುಲಲ್ಲಿ ಮತ್ತೊಂದು ಗುಂಡು ತಾಗಿಸುವ ಪಂದ್ಯಗಳು ಅಮೆರಿಕ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ನಡೆಯುತ್ತವೆ. ಅವುಗಳಲ್ಲಿ ಸ್ಪರ್ಧಿಸುವವರ ಪೈಕಿ ಬಹುಮಂದಿ ಅಂಗಡಿಯಲ್ಲಿ ಸಿದ್ಧವಾಗಿ ದೊರೆಯುವ ತೋಟೆಗಳನ್ನು ನೆಚ್ಚದೆ, ಒಂದೊಂದನ್ನೂ ತಾವೇ ತೂಗಿ, ಅಳೆದು ತುಂಬಿಕೊಳ್ಳುತ್ತಾರೆ. ಹಾಗೆ ತುಂಬುವುದಕ್ಕೆ ಯಾವ ಕಾರ್ಖಾನೆಯ ಹಿತ್ತಾಳೆ ಮೇಲೆಂಬ ಚರ್ಚೆ ಅವರೊಳಗೆ ಎಂದಿಗೂ ಮುಗಿದುದಿಲ್ಲ. ಯಾವ ಸೀಮೆಯ ಕಾಫಿಬೀಜ ಮೇಲೆಂಬ ಚರ್ಚೆ ನಮ್ಮೊಳಗೆ ಹೇಗೋ ಹಾಗೆ. ಆದರೆ ಕಾಫಿಯ ಚರ್ಚೆಯಲ್ಲಿ ಯಾರ ಕಣ್ಣೂ ಹೋಗುವುದಿಲ್ಲ, ಇಲ್ಲಿ ಹೋಗಬಹುದು. ನಮ್ಮ ದೇಶದಲ್ಲಿಯಾದರೋ ೧೯೫೯ರ ಆಯುಧ ಕಾಯಿದೆಯ ಮೇರೆಗೆ ಪರವಾನಗಿಯಿಲ್ಲದೆ ತೋಟೆ ತಯಾರಿಸಕೂಡದು. ಆದುದರಿಂದ ಮುಂದೆ ಹೇಳತಕ್ಕುದೆಲ್ಲ ತಿಳಿವಳಿಕೆಗಾಗಿಯೇ ಹೊರತು ಪ್ರಯೋಗಕ್ಕಾಗಿ ಅಲ್ಲವೆಂದು ತಾವು ಭಾವಿಸಬೇಕು.

ತೋಟೆಯಲ್ಲಿ ನಾಲ್ಕು ಅಂಗಗಳಿವೆ: ತಾಗುವ ಗುಂಡು, ಅದನ್ನು ನೂಕುವ ಮದ್ದು, ಮದ್ದಿಗೆ ಕಿಡಿ ಕೊಡುವ ಕೇಪು, ಈ ಮೂರನ್ನೂ ಒಟ್ಟಾಗಿ ಹಿಡಿದಿರುವ ಹಿತ್ತಾಳೆಯ ಕೋಶ. ಮಲೆನಾಡಿನವರು ‘ಕೇಪಿನ ಕೋವಿ’, ‘ತೋಟಾ ಕೋವಿ’ ಎಂದು ಎರಡು ಬಗೆಯ ಬಂದೂಕುಗಳನ್ನು ಬೇರೆ ಮಾಡಿ ಹೇಳುವುದುಂಟಷ್ಟೆ. ಮೊದಲನೆಯದರಲ್ಲಿ ಮದ್ದು, ಗುಂಡು, ಕೇಪು ಬೇರೆ ಬೇರೆಯಾಗಿದ್ದು, ಮದ್ದನ್ನೂ ಗುಂಡನ್ನೂ ನಳಿಗೆಯ ಬಾಯಿಂದ ಗಜದಿಂದ ಜಡಿಯಬೇಕು. ಎರಡನೆಯದರಲ್ಲಿ ಎಲ್ಲವೂ ಒಂದೇ ಕೋಶದೊಳಗೆ ಅಡಗಿರುತ್ತವೆ. ೧೮೫೭ರ ಕಲಹಕ್ಕೆ ನೆಪವಾದ ಎನ್‌ಫೀಲ್ಡ್ ತೋಟೆ ಹಿತ್ತಾಳೆಯದಲ್ಲ, ಕಾಗದದ್ದು. ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದುದು ಆ ಕಾಗದವನ್ನೇ. ಅಲ್ಲಿಂದ ಕೆಲವೇ ದಶಕಗಳಲ್ಲಿ ಹಿತ್ತಾಳೆಯು ಕಾಗದವನ್ನು ಹೊರದೂಡಿತು. ಗುಂಡು, ಮದ್ದು, ಕೇಪು ಮೂರೂ ಒಂದೇ ಈಡಿಗೆ ತೀರಿಹೋಗುತ್ತವೆ. ಕೋಶ ಮಾತ್ರ ಉಳಿಯುತ್ತದೆ, ಮರಳಿ ತುಂಬಲು ಬರುತ್ತದೆ. ಒಳ್ಳೆಯ ಕೋಶ ಹತ್ತು ಹನ್ನೆರಡು ಸಲ, ಇನ್ನೂ ಹೆಚ್ಚು ಸಲ ಸೇವೆ ಮಾಡುವುದುಂಟು. ಕೀಳಾದದ್ದು ನಾಲ್ಕೈದರಲ್ಲೇ ಮುಗಿಯುತ್ತದೆ. ಬ್ರಾಂಡಿನ ಪ್ರಶ್ನೆ ಹುಟ್ಟುವುದು ಇಲ್ಲಿ.

ಗುಂಡು ಹಾರುವ ಕ್ಷಣದಲ್ಲಿ ಕೋಶದೊಳಗೆ ಏನು ನಡೆಯುತ್ತದೆಂಬುದನ್ನು ಮೊದಲು ನೋಡೋಣ. ·೩೦೮ ವಿಂಚೆಸ್ಟರ್ ಎಂಬ ಪ್ರಸಿದ್ಧವಾದ ತೋಟೆಯಲ್ಲಿ ಅಮೆರಿಕದ ಉದ್ಯಮ ನಿಯಮದಂತೆ ಚದರ ಅಂಗುಲಕ್ಕೆ ೬೨,೦೦೦ ಪೌಂಡುಗಳ ಪರ್ಯಂತ ಒತ್ತಡಕ್ಕೆ ಅವಕಾಶವುಂಟು. ಈ ಒತ್ತಡಕ್ಕೆ ಕೋಶದ ತೆಳುವಾದ ಗೋಡೆ ಉಬ್ಬಿ ಬಂದೂಕಿನ ಉಕ್ಕಿನ ಗೂಡಿಗೆ ಅಂಟಿಕೊಂಡು, ಬಿಸಿ ಅನಿಲವು ಹಿಂದಕ್ಕೆ, ಎಂದರೆ ಗುರಿಕಾರನ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಅದೇ ಗೋಡೆ ತುಸು ಕುಗ್ಗಿ ಗೂಡನ್ನು ಬಿಡಬೇಕು; ಇಲ್ಲವಾದರೆ ಖಾಲಿ ಕೋಶ ಒಳಗೇ ಸಿಕ್ಕಿಕೊಳ್ಳುವುದು. ಉಬ್ಬುವ ಮೃದುತ್ವವೂ ಮರಳುವ ಬಿಗುವೂ ಒಂದೇ ಲೋಹದಲ್ಲಿ ಇರಬೇಕಾದುದರಿಂದ ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು ಸೇರಿದ ಹಿತ್ತಾಳೆಯೇ ರೂಢಿಗೆ ಬಂದಿತು.

ಇದರ ಗುಟ್ಟು ನಮ್ಮ ಕಂಚುಗಾರರಿಗೆ ಹೊಸದಲ್ಲ. ಹಿತ್ತಾಳೆಯ ತಗಡನ್ನು ಬಡಿದಷ್ಟೂ ಅದು ಗಡುಸಾಗುತ್ತದೆ. ಇನ್ನೂ ಬಡಿದರೆ ಸೀಳುತ್ತದೆ. ನಡುವೆ ಕುಲುಮೆಯಲ್ಲಿ ಕಾಸಿದರೆ ಮತ್ತೆ ಮೆತ್ತಗಾಗಿ ಸುತ್ತಿಗೆಗೆ ಬಗ್ಗುತ್ತದೆ. ಕಾರ್ಖಾನೆಯಲ್ಲಿಯೂ ನಡೆಯುವುದು ಇದೇ. ಹಿತ್ತಾಳೆಯ ಬಿಲ್ಲೆಯನ್ನು ಬಟ್ಟಲಾಗಿ ಒತ್ತಿ, ಆ ಬಟ್ಟಲನ್ನು ಹಂತಹಂತವಾಗಿ ಉದ್ದಕ್ಕೆ ಎಳೆದು, ನಡುನಡುವೆ ಕಾಸಿ, ಕಡೆಗೆ ಬುಡವನ್ನು ಬಲವಾಗಿ ಜಜ್ಜಿ ಮುದ್ರೆಯೊತ್ತುತ್ತಾರೆ. ಇದರಿಂದ ಬುಡ ಕಲ್ಲಿನಂತೆ ಗಡುಸಾಗಿ ನಿಲ್ಲುತ್ತದೆ. ಗುಂಡನ್ನು ಹಿಡಿಯುವ ಕೊರಳನ್ನೂ ಅದರ ಕೆಳಗಿನ ಹೆಗಲನ್ನೂ ಮಾತ್ರ ಕೊನೆಯಲ್ಲಿ ಇನ್ನೊಮ್ಮೆ ಕಾಸಿ ಮೃದು ಮಾಡುತ್ತಾರೆ. ಹೀಗೆ ಕಾಸಿದ ಗುರುತಾದ ನೀಲಿಗಪ್ಪು ಛಾಯೆಯನ್ನು ಕೆಲವು ಕಾರ್ಖಾನೆಗಳು ಹಾಗೆಯೇ ಉಳಿಸುತ್ತವೆ, ಕೆಲವು ತಿಕ್ಕಿ ಹೊಳಪು ಕೊಟ್ಟು ಅಳಿಸುತ್ತವೆ. ಕಲೆಯೆಂದು ಕಂಡು ಹೊಸಬರು ಮರಳಿಸಲು ಹೊರಡುವ ಆ ಛಾಯೆಯು ದೋಷವಲ್ಲ.

ಕೊರಳನ್ನು ಕಾಸುವುದರ ಮಹತ್ವ ಲೋಕಕ್ಕೆ ಚೆನ್ನಾಗಿ ಮನದಟ್ಟಾದುದು ಭಾರತದ ಮಳೆಗಾಲದಿಂದ. ಬ್ರಿಟಿಷ್ ಸೇನೆಯು ಮಳೆಗಾಲದಲ್ಲಿ ತನ್ನ ತೋಟೆಗಳನ್ನು ಕುದುರೆಲಾಯಗಳಲ್ಲಿ ದಾಸ್ತಾನು ಮಾಡುವ ಪದ್ಧತಿಯುಂಟಾಗಿತ್ತು. ಮಳೆ ನಿಂತ ಮೇಲೆ ಪೆಟ್ಟಿಗೆ ತೆಗೆದು ನೋಡಿದರೆ, ಯಾರೂ ಮುಟ್ಟದ ತೋಟೆಗಳು ಕೊರಳಿನ ಬಳಿ ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದುವು. ಋತುವಿನೊಡನೆ ಬರುವ ಈ ರೋಗಕ್ಕೆ ‘ಋತುಬಿರುಕು’ ಎಂಬ ಅರ್ಥದ ಹೆಸರೇ ಬಿದ್ದಿತು. ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಸಂಶೋಧಕರು ೧೯೨೧ರಲ್ಲಿ ಇದರ ಕಾರಣವನ್ನು ವಿಶದಪಡಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದೊಡನೆ ಕೂಡಿ ಹಿತ್ತಾಳೆಯನ್ನು ಹೊಕ್ಕು, ಎಳೆದು ಒತ್ತಿದಾಗ ಲೋಹದೊಳಗೆ ಉಳಿದಿದ್ದ ಬಿಗುವಿನ ಜಾಡನ್ನೇ ಹಿಡಿದು ಅದನ್ನು ಸೀಳುತ್ತಿತ್ತು. ಹದವಾಗಿ ಕಾಸಿ ಆ ಬಿಗುವನ್ನು ಕಳೆದರೆ ಬಿರುಕಿನ ಭಯ ಬಹುಮಟ್ಟಿಗೆ ತಪ್ಪುತ್ತದೆ. ಇಂದಿಗೂ ಅರಿತ ಗುರಿಕಾರರು ಅಮೋನಿಯಾ ಬೆರೆತ ಪಾಲಿಷುಗಳನ್ನು ಕೋಶಕ್ಕೆ ಮುಟ್ಟಿಸುವುದಿಲ್ಲ. ಅನೇಕರು ನಿಂಬೆಯ ಹುಳಿಯ ಸತ್ತ್ವವನ್ನು ನೀರಿನಲ್ಲಿ ಕರಗಿಸಿ ತೊಳೆಯುತ್ತಾರೆ. ಹುಣಿಸೆಹಣ್ಣಿನಿಂದ ಚೊಂಬು ಬೆಳಗುವ ನಮ್ಮ ಮನೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಕಾರ್ಖಾನೆಗಳ ತಾರತಮ್ಯಕ್ಕೆ ಬರೋಣ. ನೋಡತಕ್ಕ ಮೊದಲನೆಯ ಅಂಶ ತೂಕ. ತೂಕಕ್ಕಿಂತಲೂ ಮುಖ್ಯವಾಗಿ ಒಳಗಿನ ಅವಕಾಶ. ಮೇಲಿನ ಆಕಾರ ಎಲ್ಲರದೂ ಒಂದೇ, ಏಕೆಂದರೆ ಎಲ್ಲವೂ ಒಂದೇ ಗೂಡಿನಲ್ಲಿ ಕೂರಬೇಕು. ಗೋಡೆ ದಪ್ಪವಾದರೆ ಒಳಗೆ ಜಾಗ ಕಡಮೆ. ·೩೦೮ರಲ್ಲಿ ವಿಂಚೆಸ್ಟರ್ ಕಂಪೆನಿಯ ಕೋಶ ಸುಮಾರು ೧೫೫ರಿಂದ ೧೬೦ ಗ್ರೇನ್ ತೂಗುವುದು ವಾಡಿಕೆ. ಅಮೆರಿಕದ ಮಿಸೂರಿ ಪ್ರಾಂತದಲ್ಲಿ ೧೯೪೧ರಲ್ಲಿ ಆರಂಭವಾದ ಲೇಕ್ ಸಿಟಿ ಸೇನಾ ಕಾರ್ಖಾನೆಯ ಅದೇ ಅಳತೆಯ ಕೋಶ ೧೮೦ರ ಸಮೀಪಕ್ಕೆ ಬರುತ್ತದೆ. ಏಳು ಸಾವಿರ ಗ್ರೇನಿಗೆ ಒಂದು ಪೌಂಡು ಎಂಬುದನ್ನು ನೆನೆದರೆ ಇಪ್ಪತ್ತು ಗ್ರೇನು ಅಲ್ಪವೆನಿಸಬಹುದು. ಆದರೆ ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಾಲು ಭಾರ. ಆ ಇಪ್ಪತ್ತು ಗ್ರೇನ್ ಲೋಹ ಒಳಗೋಡೆಯಲ್ಲಿಯೇ ಇದ್ದರೆ ಎರಡು ಗ್ರೇನಿಗಿಂತ ಹೆಚ್ಚು ನೀರಿನ ಜಾಗವನ್ನು ನುಂಗುತ್ತದೆ. ಒಟ್ಟು ಜಾಗವೇ ಸುಮಾರು ೫೬ ಗ್ರೇನ್ ನೀರಿನಷ್ಟು. ವಿಂಚೆಸ್ಟರಿನಲ್ಲಿ ಸರಿಹೋದ ಅತಿಹೆಚ್ಚಿನ ಮದ್ದಿನ ಪ್ರಮಾಣವನ್ನು ಯೋಚಿಸದೆ ಸೇನಾ ಕೋಶಕ್ಕೆ ಸುರಿದವನು ಒತ್ತಡವನ್ನು ಎಲ್ಲೆ ಮೀರಿಸಿಕೊಳ್ಳುತ್ತಾನೆ. ಬ್ರಾಂಡು ಬದಲಾದಾಗ ಮದ್ದನ್ನು ಇಳಿಸಿ, ಕೆಳಗಿನಿಂದ ಮತ್ತೆ ಮೆಲ್ಲಮೆಲ್ಲನೆ ಏರಬೇಕೆಂದು ಎಲ್ಲ ಕೈಪಿಡಿಗಳೂ ಸಾರುವುದು ಇದಕ್ಕಾಗಿಯೇ. ತೂಕವೊಂದನ್ನೇ ನಂಬುವುದೂ ಸರಿಯಲ್ಲ. ಬುಡದ ಅಂಚಿನಲ್ಲಿಯೂ ಅಲ್ಲಿನ ಕಚ್ಚಿನಲ್ಲಿಯೂ ಹೆಚ್ಚುಕಡಮೆಯಾದ ಲೋಹ ಒಳಗಿನ ಜಾಗವನ್ನು ಮುಟ್ಟುವುದಿಲ್ಲ. ನಿಜ ಬೇಕಾದವನು ಹಾರಿಸಿದ ಕೋಶವನ್ನು ಹಳೆಯ ಕೇಪಿನೊಡನೆ ತೂಗಿ, ಬಾಯಿಯ ಮಟ್ಟಕ್ಕೆ ನೀರು ತುಂಬಿ ಮತ್ತೆ ತೂಗುತ್ತಾನೆ. ಗಾಳಿಗುಳ್ಳೆ ನಿಲ್ಲದಿರಲೆಂದು ನೀರಿಗೆ ಒಂದು ತೊಟ್ಟು ಸಾಬೂನು ಬೆರೆಸುವುದುಂಟು.

ಸೇನಾ ಹಿತ್ತಾಳೆಗೆ ಇನ್ನೊಂದು ತೊಡಕುಂಟು. ಯಂತ್ರಬಂದೂಕಿನ ಅದುರಾಟದಲ್ಲಿ ಕೇಪು ಕಳಚದಿರಲೆಂದು ಅದರ ಸುತ್ತ ಲೋಹವನ್ನು ಜಜ್ಜಿರುತ್ತಾರೆ. ಆ ಜಜ್ಜನ್ನು ಕೆರೆದು ತೆಗೆಯದೆ ಹೊಸ ಕೇಪು ಕೂರುವುದಿಲ್ಲ. ಆದರೂ ಅಗ್ಗವಾಗಿ ದೊರೆಯುವುದು, ಬುಡ ಗಟ್ಟಿಯಾಗಿರುವುದು ಎಂಬ ಎರಡು ಕಾರಣಗಳಿಂದ ಅದಕ್ಕೆ ಅಭಿಮಾನಿಗಳು ಕಡಮೆಯಿಲ್ಲ.

ಯುರೋಪಿನ ಹೆಸರುಗಳಲ್ಲಿ ಎಲ್ಲರ ಬಾಯಲ್ಲಿಯೂ ಮೊದಲು ಬರುವುದು ಫಿನ್ಲೆಂಡಿನ ಲಾಪುವಾ. ಲಾಪುವಾ ಎಂಬುದು ಊರಿನ ಹೆಸರೂ ಹೌದು. ೧೯೨೩ರಲ್ಲಿ ಅಲ್ಲಿ ಸರ್ಕಾರದ ತೋಟೆ ಕಾರ್ಖಾನೆ ಸ್ಥಾಪಿತವಾಯಿತು. ೧೯೭೬ರ ಏಪ್ರಿಲ್ ೧೩ರಂದು ಅಲ್ಲಿ ನಡೆದ ಸ್ಫೋಟದಲ್ಲಿ ನಾಲ್ವತ್ತು ಮಂದಿ ಕೆಲಸಗಾರರು ಮಡಿದರು. ತೋಟೆಯೆಂಬುದು ಗುರಿಹಲಗೆಯ ಆಟಕ್ಕೆ ಬರುವ ಮುನ್ನವೇ ಎಷ್ಟು ಬೆಲೆ ಕೇಳಬಲ್ಲುದೆಂಬುದನ್ನು ಆ ಊರಿನವರು ಬಲ್ಲರು. ಲಾಪುವಾ ಕೋಶಗಳ ಕೀರ್ತಿಗೆ ಕಾರಣ ಅವುಗಳ ಸಮತೆ. ಒಂದು ಪೆಟ್ಟಿಗೆಯ ನೂರು ಕೋಶಗಳನ್ನು ತೂಗಿದರೆ ಹೆಚ್ಚಿನವು ಒಂದೆರಡು ಗ್ರೇನುಗಳ ಅಂತರದೊಳಗೆ ನಿಲ್ಲುತ್ತವೆ. ಕೊರಳಿನ ಗೋಡೆಯ ದಪ್ಪವೂ ಸುತ್ತಲೂ ಹೆಚ್ಚು ವ್ಯತ್ಯಾಸವಾಗದು. ೧೯೭೫ರಲ್ಲಿ ಪಾಲ್ಮಿಸಾನೋ, ಪಿಂಡೆಲ್ ಎಂಬ ಇಬ್ಬರು ಅಮೆರಿಕನ್ನರು ರೂಪಿಸಿದ ಪಿ.ಪಿ.ಸಿ. ಎಂಬ ಗಿಡ್ಡ ತೋಟೆ ಗುರಿಪಂದ್ಯಗಳನ್ನೇ ಬದಲಿಸಿತು; ಅದಕ್ಕೆ ಮೂಲವಾದ ·೨೨೦ ರಷ್ಯನ್ ಕೋಶದಲ್ಲಿ ಕೇಪಿನಿಂದ ಮದ್ದಿಗೆ ಕಿಡಿ ಹಾಯುವ ಕಂಡಿಯನ್ನು ಲಾಪುವಾ ೧·೫ ಮಿಲಿಮೀಟರಿನಷ್ಟು ಕಿರಿದಾಗಿ ಇಡುತ್ತದೆ. ಸಾಮಾನ್ಯ ಕೋಶಗಳಲ್ಲಿ ಅದು ಸುಮಾರು ೨ ಮಿಲಿಮೀಟರು.

ಸ್ವೀಡನ್ನಿನ ಓಮೋಟ್‌ಫೋರ್ಸ್ ಎಂಬಲ್ಲಿ ೧೯೦೨ರಲ್ಲಿ ಹುಟ್ಟಿದ ನಾರ್ಮಾ ಕೂಡ ಸಮತೆಗೆ ಹೆಸರಾದುದು. ಅದರ ಲೋಹ ತುಸು ಮೆತ್ತಗೆಂಬ ಮಾತು ಗುರಿಕಾರರಲ್ಲಿ ಬಹುಕಾಲದಿಂದ ಉಂಟು. ಸಾಧಾರಣ ಒತ್ತಡದಲ್ಲಿ ಅದರಿಂದ ಹಾನಿಯಿಲ್ಲ. ಮದ್ದನ್ನು ಮೇರೆಯವರೆಗೆ ಏರಿಸುವವರಿಗೆ ಅದು ಒಪ್ಪದು. ಅಮೆರಿಕದಲ್ಲಿ ೧೯೪೯ರಲ್ಲಿ ಆರಂಭವಾದ ಹಾರ್ನಡಿ ಎಲ್ಲೆಡೆ ಸುಲಭವಾಗಿ ಸಿಗುತ್ತದೆ, ಬೆಲೆಯೂ ಮಿತ. ಈಚಿನ ವರ್ಷಗಳಲ್ಲಿ ಪೀಟರ್ಸನ್, ಆಲ್ಫಾ ಎಂಬ ಅಮೆರಿಕದ ಹೊಸ ಕಾರ್ಖಾನೆಗಳು ಲಾಪುವಾದ ಮಟ್ಟವನ್ನೇ ಗುರಿಯಾಗಿಟ್ಟುಕೊಂಡು ಬಂದಿವೆ. ಸ್ಟಾರ್‌ಲೈನ್ ನಡುವಣ ಬೆಲೆಗೆ ದೊರೆಯುವ ನಂಬಿಕೆಯ ಹೆಸರು.

ಮೇರೆಯ ಒತ್ತಡದಲ್ಲಿ ಮೊದಲು ಸೋಲುವುದು ಕೇಪಿನ ಗೂಡು. ಬುಡ ಮೆತ್ತಗಿದ್ದರೆ ಈಡಿನಿಂದ ಈಡಿಗೆ ಗೂಡು ಹಿಗ್ಗಿ, ಕೇಪು ಸಡಿಲವಾಗಿ ಕೂರುತ್ತದೆ. ಅಲ್ಲಿಗೆ ಆ ಕೋಶದ ಆಯುಸ್ಸು ತೀರಿತು. ಆದುದರಿಂದಲೇ ೬·೫ ಕ್ರೀಡ್‌ಮೂರ್ ಎಂಬ ತೋಟೆಗೆ ಲಾಪುವಾ ಕೋಶ ಮಾಡಿದಾಗ ದೊಡ್ಡ ಕೇಪಿನ ಬದಲು ಚಿಕ್ಕ ಕೇಪಿಗೆ ಗೂಡು ಕೊರೆಯಿತು: ೦·೨೧೦ ಅಂಗುಲದ ಜಾಗದಲ್ಲಿ ೦·೧೭೫ ಅಂಗುಲ. ಉಳಿದ ಲೋಹ ಗೂಡಿನ ಸುತ್ತ ಗೋಡೆಯಾಗಿ ನಿಂತು ಬುಡ ಬಲಗೊಂಡಿತು. ಕಡುಚಳಿಯಲ್ಲಿ ಚಿಕ್ಕ ಕೇಪಿನ ಕಿಡಿ ಮದ್ದಿಗೆ ಸಾಲದೆ ಹೋಗುವುದೆಂಬ ಆಕ್ಷೇಪವೂ ಇದೆ. ಹಿಮದಲ್ಲಿ ಬಂದೂಕು ಹೊರುವವರಿಗೆ ಅದು ನಿಜವಾದ ಆಕ್ಷೇಪವೇ.

ಕೊರಳಿಗೂ ಪ್ರತಿ ಈಡಿನಲ್ಲಿ ಹಿಗ್ಗಿ ಕುಗ್ಗಿ ಗಡುಸೇರುತ್ತದೆ. ಒಂದು ಕೋಶ ಗುಂಡನ್ನು ಬಿಗಿಯಾಗಿ, ಮತ್ತೊಂದು ಸಡಿಲವಾಗಿ ಹಿಡಿದರೆ ಗುಂಡಿನ ವೇಗ ಹೆಚ್ಚುಕಡಮೆಯಾಗುತ್ತದೆ. ಸೆಕೆಂಡಿಗೆ ೨,೬೦೦ ಅಡಿ ವೇಗದಿಂದ ಹೊರಟ ·೩೦೮ರ ಗುಂಡಿನ ವೇಗದಲ್ಲಿ ೩೦ ಅಡಿ ವ್ಯತ್ಯಾಸವಾದರೆ ಸಾವಿರ ಗಜದ ಹಲಗೆಯ ಮೇಲೆ ಸುಮಾರು ಹತ್ತು ಅಂಗುಲ ಮೇಲುಕೆಳಗಾಗುತ್ತದೆ. ಕೆನಡಾದ ಫರ್ಕರ್‌ಸನ್ ಎಂಬವರ ಹೆಸರಿನ ಮೊದಲಕ್ಷರದಿಂದ ಕರೆಯಲ್ಪಡುವ ಎಫ್ ವರ್ಗದ ಪಂದ್ಯದಲ್ಲಿ, ಅಮೆರಿಕದ ಹಲಗೆಯ ಹತ್ತಂಕದ ವೃತ್ತದ ವ್ಯಾಸವೇ ಹತ್ತು ಅಂಗುಲ. ಗಾಳಿಯ ಲೆಕ್ಕವನ್ನು ಇನ್ನೂ ಹಿಡಿದೇ ಇಲ್ಲ! ಇದಕ್ಕಾಗಿ ಗುರಿಕಾರರು ತಾವೇ ಕೊರಳನ್ನು ಮತ್ತೆ ಕಾಸುತ್ತಾರೆ. ಆ ಕಾವು ಬುಡಕ್ಕೆ ಇಳಿಯದಂತೆ ಕಾಯುವುದು ಪ್ರಾಣರಕ್ಷಣೆಯ ಮಾತು. ಬುಡ ಮೆತ್ತಗಾದ ಕೋಶ ೬೨,೦೦೦ ಪೌಂಡಿನ ಮುಂದೆ ನಿಲ್ಲಲಾರದು.

ಹಾಗಾದರೆ ದುಬಾರಿಯದನ್ನೇ ಕೊಳ್ಳಬೇಕೆ? ನನ್ನ ಅಭಿಪ್ರಾಯದಲ್ಲಿ ಲೆಕ್ಕ ಹಾಕಬೇಕಾದುದು ಕೋಶದ ಬೆಲೆಯನ್ನಲ್ಲ, ಒಂದು ಈಡಿಗೆ ಬೀಳುವ ಬೆಲೆಯನ್ನು. ಇಮ್ಮಡಿ ಬೆಲೆಯ ಕೋಶ ಮುಮ್ಮಡಿ ಕಾಲ ಬಂದರೆ ಅದೇ ಅಗ್ಗ. ಮುನ್ನೂರು ಗಜದೊಳಗೆ ಅಭ್ಯಾಸ ಮಾಡುವವನಿಗಾದರೆ ಸಾಧಾರಣ ಹಿತ್ತಾಳೆಯನ್ನು ಹೆಚ್ಚಾಗಿ ಕೊಂಡು, ತೂಗಿ, ಅತಿ ಹಗುರವನ್ನೂ ಅತಿ ಭಾರವನ್ನೂ ಬೇರೆ ಮಾಡಿದರೆ ಸಾಕು; ಅಲ್ಲಿ ಕಾಣುವ ತಪ್ಪು ಬಹುಪಾಲು ಕೈಯದು, ಹಿತ್ತಾಳೆಯದಲ್ಲ. ಬ್ರಾಂಡುಗಳನ್ನು ಬೆರೆಸುವುದನ್ನು ಮಾತ್ರ ಯಾವ ದೂರದಲ್ಲಿಯೂ ಒಪ್ಪಲಾಗದು.

ಯಾವ ಹೆಸರಿನ ಕೋಶಕ್ಕೂ ಕೊನೆಯೆಂಬುದುಂಟು. ಮೇಲಿಂದ ಮೇಲೆ ಹಿಗ್ಗಿದ ಕೋಶದಲ್ಲಿ ಬುಡದ ತುಸು ಮೇಲೆ ಒಳಗೋಡೆ ತೆಳುವಾಗುತ್ತ ಬಂದು, ಹೊರಗೆ ಹೊಳೆಯುವ ಒಂದು ಬಳೆ ಮೂಡುತ್ತದೆ. ಮುಂದಿನ ಈಡಿನಲ್ಲಿ ಅದು ಎರಡು ತುಂಡಾಗಬಹುದು. ಕಣ್ಣಿಗೆ ಬಳೆ ಕಾಣದಿದ್ದಾಗ ಗುರಿಕಾರರು ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿದ ತೆಳುತಂತಿಯನ್ನು ಒಳಗಿಳಿಸಿ ಗೋಡೆಯನ್ನು ಮೆಲ್ಲನೆ ಸವರುತ್ತಾರೆ. ತಂತಿಯ ತುದಿ ಹಳ್ಳಕ್ಕೆ ಬಿದ್ದಂತೆ ತಡೆದರೆ, ಆ ಕೋಶವನ್ನು ಇಕ್ಕಳದಿಂದ ಹಿಸುಕಿ ಚಪ್ಪಟೆ ಮಾಡಿಯೇ ಎಸೆಯುತ್ತಾರೆ. ಹಾಗೆಯೇ ಬಿಸುಟರೆ ಇನ್ನೊಬ್ಬರು ಹೆಕ್ಕಿ ತುಂಬಿಯಾರು.